ಫ್ರಾಂಚೈಸಿ ಕರಾರಿಗೆ ವಕೀಲರ ಆಯ್ಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ರೈತ ಕುಟುಂಬಗಳ ಯುವಕರು ಬೇಸಾಯದ ಜೊತೆಗೆ ಅಂಗಡಿ ವ್ಯಾಪಾರದ ಕಡೆಗೂ ಗಮನ ಹರಿಸುತ್ತಿದ್ದಾರೆ. ಕಂಪನಿಯೊಂದರ ಹೆಸರು, ಫಲಕ ಮತ್ತು ಸರಕನ್ನು ಪಡೆದು, ಪ್ರತಿಯಾಗಿ ಮುಂಗಡ ಶುಲ್ಕವನ್ನೂ ಮಾರಾಟದಲ್ಲಿ ಒಂದು ಪಾಲನ್ನೂ ಕೊಟ್ಟು ನಡೆಸುವ ವ್ಯಾಪಾರಕ್ಕೆ ಫ್ರಾಂಚೈಸಿ ಎನ್ನುತ್ತಾರೆ. ಚಹಾ, ಕಬ್ಬಿನ ಹಾಲು, ಬೆಲ್ಲ, ಸಾವಯವ ಪದಾರ್ಥ ಮುಂತಾದವುಗಳ ಅಂಗಡಿಗಳನ್ನು ಈ ರೀತಿ ನಡೆಸಬಹುದು. ಬೇಸಾಯಶಾಸ್ತ್ರದವರಿಗೆ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ಬಂಡವಾಳಕ್ಕಾಗಿ ಅಡವು ಬೀಳುವುದು ಜಮೀನೇ ಆದಾಗ ಇದು ಬೇಸಾಯದ ವಿಷಯವೂ ಆಗುತ್ತದೆ.

ಅಮೆರಿಕದಲ್ಲಿ ಕಂಪನಿಯು ತನ್ನ ಲೆಕ್ಕಪತ್ರ, ವ್ಯಾಜ್ಯ ಮೊದಲಾದ ವಿವರಗಳನ್ನು ಸಹಿಗೆ ಕನಿಷ್ಠ 14 ದಿನ ಮುಂಚೆ ಬರವಣಿಗೆಯಲ್ಲಿ ಕೊಡಬೇಕೆಂಬ ನಿಯಮವಿದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. 1872ರ ಕರಾರು ಕಾಯಿದೆ, 1999ರ ಟ್ರೇಡ್ ಮಾರ್ಕ್ ಕಾಯಿದೆ ಮುಂತಾದವುಗಳೇ ಇಲ್ಲಿಯೂ ಅನ್ವಯಿಸುತ್ತವೆ. ಆದ್ದರಿಂದ ಕರಾರು ಪತ್ರದಲ್ಲಿ ಏನು ಬರೆದಿದೆ ಎಂಬುದೇ ಮುಖ್ಯ. ವಕೀಲರ ಬಳಿಗೆ ಹೋಗಬೇಕಾದುದು ಸಹಿಗೆ ಮೊದಲು. ತಕರಾರು ಬಂದ ಮೇಲೆ ಹೋಗುವುದು ಬೆಳೆ ಒಣಗಿದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿದಂತೆ.

ಪಾಲು ವಿಭಾಗ, ಖಾತೆ, ಒತ್ತುವರಿ ದಾವೆಗಳಲ್ಲಿ ನಮ್ಮ ತಾಲ್ಲೂಕು ನ್ಯಾಯಾಲಯಗಳ ವಕೀಲರು ಪಳಗಿದವರು. ಆದರೆ ನಿಮ್ಮ ಮನೆಯ ಜಮೀನಿನ ದಾವೆ ಗೆದ್ದುಕೊಟ್ಟವರೇ ಈ ಕೆಲಸಕ್ಕೂ ತಕ್ಕವರೆಂದು ಭಾವಿಸಬಾರದು. ಡೀಲರ್‌ಷಿಪ್, ವ್ಯಾಪಾರದ ಕರಾರು, ಟ್ರೇಡ್ ಮಾರ್ಕ್ ಇವುಗಳಲ್ಲಿ ಅನುಭವವಿರುವವರು ಬೇಕು. ಒಂದೇ ಅಂಗಡಿಗಾದರೆ ಮಂಡ್ಯ ಅಥವಾ ಮೈಸೂರಿನ ಇಂತಹ ವಕೀಲರೊಬ್ಬರು ಸಾಕೆಂದು ನನ್ನ ಅಭಿಪ್ರಾಯ. ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವ ಬೆಂಗಳೂರಿನ ದೊಡ್ಡ ವಕೀಲ ಸಂಸ್ಥೆಗಳು ಹಲವು ಅಂಗಡಿಗಳ ಬಂಡವಾಳಕ್ಕೆ ತಕ್ಕವು. ಕಂಪನಿಯೇ ಸೂಚಿಸಿದ ವಕೀಲರನ್ನು ಮಾತ್ರ ಒಪ್ಪಬೇಡಿ. ವಕೀಲರು ಜಾಹೀರಾತು ಕೊಡುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿರುವುದರಿಂದ, ಆಡಂಬರದ ಜಾಹೀರಾತು ಕಂಡರೆ ಅನುಮಾನಪಡುವುದು ಲೇಸು.

ವಕೀಲರ ಅನುಭವವನ್ನು ಪ್ರಶ್ನೆ ಕೇಳಿಯೇ ತಿಳಿಯಬಹುದು. ಉದಾಹರಣೆಗೆ, ಪಾಂಡವಪುರದ ರೈತರೊಬ್ಬರು ಒಂದು ಕಂಪನಿಯ ಬೆಲ್ಲದ ಮಳಿಗೆ ತೆರೆಯುತ್ತಾರೆಂದು ಇಟ್ಟುಕೊಳ್ಳೋಣ. ಅದರಲ್ಲಿ ತಮ್ಮ ಆಲೆಮನೆಯ ಅಚ್ಚು ಬೆಲ್ಲವನ್ನೂ ಮಾರಬಹುದೆ? ಕರಾರು ಜಾರಿಯಲ್ಲಿರುವಷ್ಟು ಕಾಲ ಬೇರೆ ಸರಕು ಮಾರಬಾರದೆಂಬ ಷರತ್ತು ಸಿಂಧುವಾಗಬಹುದೆಂದು ಸುಪ್ರೀಂ ಕೋರ್ಟು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಕರಾರು ಮುಗಿದ ಮೇಲೂ ಆ ವ್ಯಾಪಾರ ಮಾಡಬಾರದೆಂಬ ಷರತ್ತು ಮಾತ್ರ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ ಸಾಮಾನ್ಯವಾಗಿ ನಿಲ್ಲದು. ಈ ವ್ಯತ್ಯಾಸವನ್ನು ಬಿಡಿಸಿ ಹೇಳದೆ ‘ಎಲ್ಲಾ ಸರಿಯಾಗಿದೆ, ಸಹಿ ಹಾಕಿ’ ಎನ್ನುವವರಿಗಿಂತ ಬೇರೊಬ್ಬರನ್ನು ನೋಡುವುದು ಮೇಲು.

ಜಾಗದ ಪ್ರಶ್ನೆಯೂ ಇದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ವಾಹನಗಳು ಊರುಗಳ ಹೊರಗೇ ಸಾಗತೊಡಗಿ, ಹಳೆಯ ರಸ್ತೆಯ ಅನೇಕ ಹೋಟೆಲು ಅಂಗಡಿಗಳಿಗೆ ಗಿರಾಕಿಗಳು ಕಡಿಮೆಯಾದರು. ಹಾಗಾದಾಗ ಅಂಗಡಿಯನ್ನು ಬೇರೆಡೆಗೆ ಸ್ಥಳಾಂತರಿಸಬಹುದೆ, ತಿಂಗಳಿಗೆ ಇಷ್ಟು ಸರಕು ಕೊಳ್ಳಲೇಬೇಕೆಂಬ ಷರತ್ತು ಸಡಿಲವಾಗುವುದೆ, ಅದೇ ಕಂಪನಿ ಸಮೀಪದಲ್ಲೇ ಮತ್ತೊಬ್ಬರಿಗೆ ಅಂಗಡಿ ಕೊಡಬಹುದೆ ಎಂಬುದನ್ನು ಅವರಿಂದ ಓದಿಸಿ ತಿಳಿಯಬೇಕು. ತಕರಾರಿನ ಮಧ್ಯಸ್ಥಿಕೆ ದೆಹಲಿಯಲ್ಲೋ ಮುಂಬೈಯಲ್ಲೋ ನಡೆಯಬೇಕೆಂದು ಬರೆದಿದ್ದರೆ ನಾಗಮಂಗಲದವರು ಅಲ್ಲಿಗೇ ಅಲೆಯಬೇಕಾದೀತು. ಕಂಪನಿಯ ಹೆಸರು ನಿಜವಾಗಿ ಅದರದೇ ಹೆಸರಿನಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ವಕೀಲರು ಟ್ರೇಡ್ ಮಾರ್ಕ್ ನೋಂದಣಿಯ ದಾಖಲೆಗಳಲ್ಲಿ ನೋಡಿ ಹೇಳಬಲ್ಲರು. ತಂದೆಯ ಅಥವಾ ಅಣ್ಣತಮ್ಮಂದಿರ ಸಹಿಯನ್ನು ಜಾಮೀನಿಗೆ ಕೇಳಿದ್ದರೆ ಆ ಪುಟವನ್ನು ಎರಡು ಬಾರಿ ಓದಿಸಿ.

ಕರಾರು ಓದಿ ಅಭಿಪ್ರಾಯ ಬರೆದುಕೊಡಲು ಒಟ್ಟು ಎಷ್ಟು ಶುಲ್ಕ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ರಸೀತಿ ಪಡೆಯಿರಿ. ವ್ಯಾಜ್ಯದಲ್ಲಿ ಬಂದ ಹಣದಲ್ಲಿ ಪಾಲು ಪಡೆಯಲು ವಕೀಲರಿಗೆ ನಿಯಮದ ಪ್ರಕಾರ ಅವಕಾಶವಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು 1987ರ ಕಾಯಿದೆಯನ್ವಯ ಉಚಿತ ಕಾನೂನು ನೆರವಿಗೆ ಅರ್ಹರು. ಅಂಥವರು ತಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಹೋಗುವಾಗ ಕರಾರಿನ ಕರಡಿನ ಎಲ್ಲಾ ಪುಟಗಳು, ಕಂಪನಿಯವರು ಕಳಿಸಿದ ಪತ್ರಗಳು ಹಾಗೂ ಅಡವಿಡಬೇಕೆಂದಿರುವ ಜಮೀನಿನ ಪಹಣಿಯನ್ನು ಒಯ್ಯಬೇಕು.