ಬೀಜ ಉಳಿಸಲು ಓಣಿಯೇ ಬೇಕು

ಶಿರಸಿಯ ಮಲೆನಾಡು ಮೇಳದಲ್ಲಿ ಹಿರಿಯ ಹೆಂಗಸೊಬ್ಬರು ಮೊರದ ತುಂಬ ಹಿತ್ತಲ ಬೀಜ ಹರಡಿಕೊಂಡು ಕೂತಿದ್ದರು. ಬೂದಿ ಹಚ್ಚಿದ ಅವರೆ, ಕಪ್ಪು ಹೀರೆಬೀಜ, ಎರಡು ಬಗೆಯ ಬೆಂಡೆ, ಮೊಗೆಕಾಯಿ, ಹಾಲುಗುಂಬಳ. ಹೀರೆಬೀಜ ಕೊಡಿ ಎಂದೆ. ಅವರು ಬೆಲೆ ಹೇಳಲಿಲ್ಲ. "ನಿಮ್ಮ ಪಕ್ಕದ ಮನೆಯವರು ಯಾವ ಹೀರೆ ಹಾಕ್ತಾರೆ?" ಎಂದು ಕೇಳಿದರು. ನಾನು ಒಯ್ಯುವ ಬೀಜಕ್ಕೂ ಪಕ್ಕದ ಮನೆಯವರ ಬಳ್ಳಿಗೂ ಏನು ಸಂಬಂಧ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಅವರೇ ಬಿಡಿಸಿ ಹೇಳಿದ ಮೇಲೆ, ಹಾನಗಲ್ ದಾಟಿ, ಹಾವೇರಿ ದಾಟಿ ರಾಣೆಬೆನ್ನೂರು ಮುಟ್ಟುವವರೆಗೂ ಬಸ್ಸಿನಲ್ಲಿ ಅದೇ ಗುಂಗು. ಇನ್ನೂ ಬಿಟ್ಟಿಲ್ಲ.

ಉತ್ತರ ಜೇನುನೊಣದ ಹತ್ತಿರ ಇದೆ. ಹೀರೆ, ಸೋರೆ, ಕುಂಬಳ, ಸೌತೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಒಂದರಿಂದ ಇನ್ನೊಂದಕ್ಕೆ ಹಾರುವ ನೊಣ ಯಾರ ಹಿತ್ತಲು ಎಂದು ನೋಡುವುದಿಲ್ಲ. ನಿಮ್ಮದು ಅಜ್ಜಿ ಕಾಲದ ಹೀರೆ, ಪಕ್ಕದವರದು ಅಂಗಡಿಯಿಂದ ತಂದ ಹೈಬ್ರಿಡ್ ಎಂದುಕೊಳ್ಳಿ. ಈ ವರ್ಷದ ಕಾಯಿಗೆ ಏನೂ ಆಗದು. ರುಚಿ ಅದೇ, ಏಣೂ ಅದೇ. ಆದರೆ ಆ ಕಾಯಿಯ ಒಳಗಿನ ಬೀಜ ಬೆರಕೆಯಾಗಿರುತ್ತದೆ, ಗೊತ್ತಾಗುವುದು ಮುಂದಿನ ಮಳೆಗಾಲಕ್ಕೆ. ಅದಕ್ಕೇ ಬೀಜ ಪ್ರಮಾಣೀಕರಣದ ನಿಯಮಗಳು ಬಳ್ಳಿ ತರಕಾರಿಯ ಬೀಜದ ಹೊಲಕ್ಕೂ ಬೇರೆ ತಳಿಯ ಹೊಲಕ್ಕೂ ನಡುವೆ ಕನಿಷ್ಠ 500 ಮೀಟರ್ ಅಂತರ ಕೇಳುತ್ತವೆ.

ಮಲೆನಾಡಿನವರಿಗೆ ಆ ಅಂತರ ಊರಿನ ಲಕ್ಷಣದಿಂದಲೇ ಬಹುಮಟ್ಟಿಗೆ ಸಿಕ್ಕಿಬಿಟ್ಟಿದೆ. ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ಆಮೇಲೆ ಬೆಟ್ಟ, ಬೆಟ್ಟದ ಆಚೆ ಇನ್ನೊಂದು ಮನೆ. ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಹಲಗೇರಿಯಲ್ಲಿ ಹಾಗಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಗಳು, ಹಿತ್ತಲೆಂದರೆ ಬಚ್ಚಲ ನೀರು ಹರಿಯುವಷ್ಟು ಜಾಗ. ಅರ್ಧ ಕಿಲೋಮೀಟರಿನಲ್ಲಿ ಎಷ್ಟೋ ಓಣಿ ಮುಗಿದುಹೋಗುತ್ತವೆ. ಇಲ್ಲಿ ಒಬ್ಬಾಕೆ ಎಷ್ಟೇ ಮುತುವರ್ಜಿಯಿಂದ ಬೀಜ ಹಿಡಿದರೂ ನೆರೆಯವರು ಕೂಡಿ ಬರದಿದ್ದರೆ ಆ ಬೀಜ ಶುದ್ಧವಾಗಿ ಉಳಿಯುವುದು ಕಷ್ಟ. ಕೈತೋಟದ ಸಂಘ ಯಾಕೆ ಬೇಕು ಎಂಬುದಕ್ಕೆ ನಾನು ಕೇಳಿದ ಕಾರಣಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ.

ಮೇಳ ನಡೆಸುವ 'ವನಸ್ತ್ರೀ' 2001ರಲ್ಲಿ ಸುನೀತಾ ರಾವ್ ಅವರ ಮುಂದಾಳ್ತನದಲ್ಲಿ ಶುರುವಾದ ಬಳಗ. ಶಿರಸಿ ಸುತ್ತಿನ ಹಿತ್ತಲುಗಳ ಹೆಂಗಸರೇ ಅದರ ಜೀವಾಳ. ತರಕಾರಿ, ಹೂವು, ಗೆಡ್ಡೆಗಳ ಬೀಜ ಹಿಡಿಯುವುದು, ಹಂಚಿಕೊಳ್ಳುವುದು, ಮಳೆಗಾಲ ಹಿಡಿಯುವ ಹೊತ್ತಿಗೆ ಮೇಳ ಕೂಡುವುದು ಅವರ ಕೆಲಸ. ನಮ್ಮಲ್ಲಿ ತೋಟಗಾರಿಕೆಯ ಸಂಘ ಎಂದ ಕೂಡಲೇ ನೆನಪಾಗುವುದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಅದರ ಬೆನ್ನಿಗಿರುವ ಮೈಸೂರು ತೋಟಗಾರಿಕಾ ಸಂಘ 1912ರದು, ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಕ್ರುಂಬಿಗಲ್ ಕಾಲದ್ದು. ಗಾಜಿನಮನೆಯ ಮುಂದೆ ಸಾಲುಗಟ್ಟುವ ಜನರನ್ನು ಕಂಡರೆ ನನಗೂ ಖುಷಿಯೇ. ಆದರೂ ನೋಡಿ ಬರುವ ಹೂವಿಗಿಂತ ಸೆರಗಿನಲ್ಲಿ ಗಂಟು ಹಾಕಿ ತರುವ ಬೀಜ ದೊಡ್ಡದು ಎಂಬ ಪಕ್ಷಪಾತ ನನ್ನದು, ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ 1975ರಲ್ಲಿ ಹುಟ್ಟಿ ಈಗ ಅಯೋವಾದ ಡೆಕೋರಾ ಊರಿನಲ್ಲಿರುವ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಕೂಡ ಅಜ್ಜ ಮೊಮ್ಮಗಳಿಗೆ ಕೊಟ್ಟ ಟೊಮೆಟೊ ಮತ್ತು ಹೂಬಳ್ಳಿಯ ಬೀಜದಿಂದಲೇ ಶುರುವಾದದ್ದು.

ಇಷ್ಟೆಲ್ಲ ಯೋಚಿಸುತ್ತ ಬಂದವನಿಗೆ ರಾಣೆಬೆನ್ನೂರು ಹತ್ತಿರವಾದಂತೆ ಕಣ್ಣಿಗೆ ಬಿದ್ದದ್ದು ರಸ್ತೆಯ ಬದಿಯ ನೆಟ್‌ಹೌಸುಗಳು. ಬೀಜದ ಕಂಪನಿಗಳಿಗೆ ತರಕಾರಿ ಹೈಬ್ರಿಡ್ ಬೀಜ ಮಾಡಿಕೊಡುವುದರಲ್ಲಿ ಈ ತಾಲ್ಲೂಕಿಗೆ ಹೆಸರಿದೆ. ಕೈಯಿಂದ ಪರಾಗ ಕೂಡಿಸುವ ಬೇಸಾಯ ಈ ಸೀಮೆಗೆ ಹೊಸದೇನಲ್ಲ. ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು 1972ರಲ್ಲಿ ಹೊರತಂದ ವರಲಕ್ಷ್ಮಿ ಹತ್ತಿಯ ಬೀಜ ತಯಾರಾಗುತ್ತಿದ್ದದ್ದು ಹೂವು ಹೂವಿಗೂ ಕೈ ಹಚ್ಚಿಯೇ. ಮುಂದೆ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿಯೂ ಬಂತು. ಅತ್ತ ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಕಂಪನಿ 1973ರಲ್ಲಿ 'ಕರ್ನಾಟಕ' ಎಂಬ ಹೆಸರಿನ ಹೈಬ್ರಿಡ್ ಟೊಮೆಟೊ, 'ಭಾರತ್' ಎಂಬ ದೊಣ್ಣೆಮೆಣಸಿನಕಾಯಿ ತಂದಿತು. ಅಲ್ಲಿಂದ ತರಕಾರಿಯಲ್ಲೂ 'ಕ್ರಾಸಿಂಗ್' ಎಂಬ ಮಾತು ಹಳ್ಳಿಯ ಬಾಯಿಗೆ ಬಂತು.

ಕ್ರಾಸಿಂಗ್ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಅದರ ನಾಜೂಕು ತಿಳಿಯುವುದಿಲ್ಲ. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಗೂಡಿನೊಳಗೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತೇ ಗುರುತಿಸಬೇಕು. ತೀರ ಎಳೆಯದಾದರೆ ಹೆಣ್ಣು ಭಾಗ ನಲುಗುತ್ತದೆ, ಹೊತ್ತಾದರೆ ತನ್ನ ಪರಾಗ ತನಗೇ ತಾಗಿಬಿಟ್ಟಿರುತ್ತದೆ. ಚಿಮಟಿಗೆಯಿಂದ ಮೊಗ್ಗು ಬಿಡಿಸಿ ಹಳದಿ ಪರಾಗಕೋಶದ ತೊಟ್ಟಿಯನ್ನು ಇಡಿಯಾಗಿ ಎಳೆದು ತೆಗೆಯಬೇಕು, ನಡುವಿನ ಸಣ್ಣ ಕಡ್ಡಿ ಮುರಿಯಕೂಡದು. ಗಂಡು ಸಾಲಿನ ಹೂವಿನಿಂದ ಒಣಗಿಸಿ ಸೋಸಿದ ಪರಾಗವನ್ನು ಮಾರನೆಯ ದಿನ ಆ ಕಡ್ಡಿಯ ತುದಿಗೆ ಮುಟ್ಟಿಸಬೇಕು. ಆಮೇಲಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ. ಕೈ ಹಚ್ಚಿದ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಿಬಿಡುತ್ತಾರೆ. ಹೂವು ಉದುರಿದರೂ ಆ ಹಸಿರು ಎಸಳು ಹಣ್ಣಿನ ತೊಟ್ಟಿನಲ್ಲಿ ಕೊನೆಯವರೆಗೂ ನಿಲ್ಲುತ್ತವೆ. ಹಣ್ಣು ಬಿಡಿಸುವಾಗ ತೊಟ್ಟು ನೋಡಿದರೆ ಸಾಕು: ಎಸಳು ಕತ್ತರಿಸಿದ್ದರೆ ಕ್ರಾಸಿಂಗ್ ಹಣ್ಣು, ಇಡಿಯಾಗಿದ್ದರೆ ತಾನಾಗಿ ಕಟ್ಟಿದ್ದು, ಪಕ್ಕಕ್ಕೆ. ಚೀಟಿ ಬೇಡ, ಬಣ್ಣ ಬೇಡ, ದಾಖಲೆ ಪುಸ್ತಕ ಬೇಡ. ಗಿಡದ ಮೇಲೇ ಬರೆದ ಲೆಕ್ಕ ಅದು. ನಮ್ಮ ಹೆಣ್ಣುಮಕ್ಕಳು ಆ ಲೆಕ್ಕವನ್ನು ಸಾಲು ಹಿಡಿದು ನಡೆಯುತ್ತ, ಮಾತಾಡುತ್ತ, ತಪ್ಪಿಲ್ಲದೆ ಬರೆಯುತ್ತಾರೆ.

ಹೈಬ್ರಿಡ್ ಬೇಡ ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕ್ರಾಸಿಂಗ್ ಕೂಲಿಯೇ ಎಷ್ಟೋ ಮನೆಯ ಒಲೆ ಉರಿಸಿದೆ. ನನ್ನ ಸಂಕಟ ಬೇರೆ. ಇಂಥ ಕೈಗಳಿರುವ ಮನೆಯ ಹಿತ್ತಲಿಗೆ ಬೀಜ ಬರುವುದು ಪಾಕೀಟಿನಲ್ಲಿ. ಹೈಬ್ರಿಡ್ ಹಣ್ಣಿನ ಬೀಜ ಹಿಡಿದು ಬಿತ್ತಿದರೆ ಮುಂದಿನ ಪೀಳಿಗೆ ನಾನಾ ಬಗೆಯಾಗಿ ಒಡೆಯುತ್ತದೆ ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಪಾಕೀಟು ಪ್ರತಿವರ್ಷವೂ ಬೇಕು. ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದಿ, ಪುಂಡಿಪಲ್ಲೆ ಬೆಳೆದು ಅದರದೇ ಬೀಜ ಎತ್ತಿಡುತ್ತಿದ್ದ ರೂಢಿ ಸಾಲಿನ ಜೊತೆಗೇ ಸವೆಯಿತು. ಉಳಿದ ತಳಿಗೂ ಬೆರಕೆಯ ಭಯ ತಪ್ಪಿಲ್ಲ, ಬ್ಯಾಡಗಿ ಮೆಣಸಿನಕಾಯಿಯ ಕಥೆಯನ್ನೇ ನೋಡಿ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು, ಆ ಬಣ್ಣ, ಆ ಸುಕ್ಕಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಜೇನುನೊಣಕ್ಕೆ ಆ ಕಾನೂನು ಗೊತ್ತಿಲ್ಲ. ಪಕ್ಕದ ಹೊಲದಲ್ಲಿ ಬೇರೆ ಮೆಣಸಿನಕಾಯಿ ಇದ್ದರೆ ಬ್ಯಾಡಗಿಯ ಡಬ್ಬಿ ಬಗೆಯೂ ಬೆರೆಯುತ್ತದೆ, ಕಡ್ಡಿ ಬಗೆಯೂ ಬೆರೆಯುತ್ತದೆ.

ಶಿರಸಿಯ ಆ ಹಿರಿಯರ ಪ್ರಶ್ನೆಗೆ ಹಲಗೇರಿಯಲ್ಲಿ ಎರಡು ಉತ್ತರ ಸಾಧ್ಯ. ಒಂದು, ಇಡೀ ಓಣಿ ಒಂದೇ ಹೀರೆ ಹಾಕುವುದು. ಹತ್ತು ಮನೆಯವರು ಒಪ್ಪಿದರೆ ಹತ್ತಿರದ ಬೆರಕೆಯ ಭಯ ಬಹಳ ತಗ್ಗುತ್ತದೆ. ಒಂದೇ ಬಳ್ಳಿಯ ಬೀಜಕ್ಕೆ ಜೋತುಬೀಳದೆ ಹತ್ತಾರು ಬಳ್ಳಿಯ ಬೀಜ ಕೂಡಿಸಿದಂತೆಯೂ ಆಗಿ ತಳಿಯೊಳಗಿನ ವೈವಿಧ್ಯ ಉಳಿಯುತ್ತದೆ. ಈ ಓಣಿಯಲ್ಲಿ ಹೀರೆ, ಆಚೆ ಓಣಿಯಲ್ಲಿ ಸೋರೆ, ಊರ ಹೊರಗಿನವರಿಗೆ ಕುಂಬಳ ಎಂದು ಹಂಚಿಕೊಳ್ಳಬಹುದು. ಕೊಡು-ತೆಗೆದುಕೊಳ್ಳುವುದಕ್ಕೆ ಕಾನೂನಿನ ತೊಡಕೂ ಇಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹೆಸರು ಹಾಕದೆ ಮಾರುವ ಹಕ್ಕನ್ನೂ ಕೊಟ್ಟಿದೆ.

ಎರಡನೆಯ ಉತ್ತರ ಕ್ರಾಸಿಂಗ್ ಕೈಗಳದೇ. ನಾಳೆ ಅರಳುವ ಹೆಣ್ಣು ಮೊಗ್ಗಿಗೂ ಗಂಡು ಮೊಗ್ಗಿಗೂ ಮೊದಲೇ ಕಾಗದದ ಚೀಲ ಕಟ್ಟಿ, ಅರಳಿದ ಹೊತ್ತಿಗೆ ಬಿಚ್ಚಿ, ಗಂಡಿನ ಪರಾಗವನ್ನು ಹೆಣ್ಣಿಗೆ ಒರೆಸಿ, ಮತ್ತೆ ಚೀಲ ಕಟ್ಟಿ, ತೊಟ್ಟಿಗೆ ಒಂದು ಬಣ್ಣದ ದಾರ ಸುತ್ತಿದರೆ ಮುಗಿಯಿತು. ಆ ಕಾಯಿ ನೊಣಕ್ಕೆ ಸಿಗದ ಕಾಯಿ. ಮಲೆನಾಡಿನವರು ಅಂತರದಿಂದ ಪಡೆಯುವುದನ್ನು ನಮ್ಮವರು ಕೈಯಿಂದ ಪಡೆಯಬಹುದು. ಟೊಮೆಟೊ ಮೊಗ್ಗಿನ ಕಡ್ಡಿ ಮುರಿಯದ ಬೆರಳುಗಳಿಗೆ ಅಂಗೈಯಗಲದ ಕುಂಬಳದ ಹೂವು ಯಾವ ಲೆಕ್ಕ? ಬೀಜ ಕಾಯುವ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ವಿದ್ಯೆ ಈ ಊರುಗಳಲ್ಲಿ ಆಗಲೇ ಇದೆ. ಇಲ್ಲದಿರುವುದು ಒಟ್ಟಿಗೆ ಕೂತು ಮಾತಾಡುವ ಒಂದು ಸಂಜೆ ಮಾತ್ರ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ದೇವಿಹೊಸೂರಿನ ತೋಟಗಾರಿಕೆ ಕಾಲೇಜೂ ನಮ್ಮ ಜಿಲ್ಲೆಯಲ್ಲೇ ಇವೆ, ಸಲಹೆ ಕೇಳಲು ದೂರ ಹೋಗಬೇಕಿಲ್ಲ.

ನಮ್ಮ ಓಣಿಯಲ್ಲಿ ಇದನ್ನು ಹೇಳಿದಾಗ ವರ್ಷಗಟ್ಟಲೆ ಕ್ರಾಸಿಂಗಿಗೆ ಹೋಗಿ ಬಂದ ಅಕ್ಕನೊಬ್ಬಳು, "ಅಣ್ಣಾರ, ಮುಂಜಾನೆ ಹೂ ಅರಳೂ ಹೊತ್ತಿಗೆ ನಾವು ಪ್ಲಾಟಿನ್ಯಾಗ ಇರ್ತೀವಿ. ಮನಿ ಹೂವಿಗೆ ಯಾರು ಕೈ ಹಚ್ಚತಾರ?" ಎಂದಳು. ನ್ಯಾಯವಾದ ಮಾತು. ಕುಂಬಳ ನಸುಕಿನಲ್ಲೇ ಅರಳುತ್ತದೆ, ಸೌತೆ ಬೆಳಿಗ್ಗೆ. ತುಪ್ಪದ ಹೀರೆಯೂ ಬೆಳಿಗ್ಗೆಯೇ. ಆದರೆ ಏಣಿರುವ ನಮ್ಮ ಹೀರೆ ಅರಳುವುದು ಸಂಜೆ ಐದರ ಮೇಲೆ, ಸೋರೆ ಮತ್ತು ಪಡವಲವೂ ಹೊತ್ತು ಇಳಿದ ಮೇಲೆ. ನೆಟ್‌ಹೌಸಿನ ಕೆಲಸ ಬಿಡುವುದು ಅದಕ್ಕೂ ಮೊದಲೇ. ಟೊಮೆಟೊ, ಮೆಣಸಿನಗಿಡದ ತಂಟೆಗೆ ಈಗಲೇ ಹೋಗುವುದು ಬೇಡ. ಕಂಪನಿಯ ಪ್ಲಾಟುಗಳೂ ತಮ್ಮ ತಳಿಯ ಶುದ್ಧಿಗೆ ಅಂತರ ಕೇಳುತ್ತವೆ, ಅವರೊಡನೆ ಜಗಳ ಹೂಡಿ ಕೂಲಿ ಕಳೆದುಕೊಳ್ಳಬಾರದು. ಮಿರಗದ ಮಳೆಗೆ ಹೀರೆಬೀಜ ಊರಿದರೆ ಹೆಚ್ಚುಕಡಿಮೆ ಒಂದೂವರೆ-ಎರಡು ತಿಂಗಳಿಗೆ ಹೆಣ್ಣು ಹೂವು ಬರುತ್ತವೆ. ಮನೆಗೆರಡು ಕಾಯಿಯನ್ನು ದಾರ ಸುತ್ತಿ ಬಳ್ಳಿಯಲ್ಲೇ ಒಣಗಲು ಬಿಡಬೇಕು, ಉಳಿದವನ್ನು ಎಳೆಯದಾಗಿರುವಾಗಲೇ ಕೊಯ್ದು ಉಣ್ಣಬೇಕು. ಶಿರಸಿಯಿಂದ ತಂದ ಬೀಜ ಐದು ಮನೆಗೆ ಸಾಲುವಷ್ಟಿದೆ. ಆ ಅಕ್ಕ ಆಗಲೇ ತನ್ನ ಪಾಲು ಕೇಳಿದ್ದಾಳೆ, ಉಳಿದ ನಾಲ್ಕು ಮನೆ ಯಾವುವು ಎಂಬುದನ್ನೂ ಅವಳೇ ಗೊತ್ತುಮಾಡುತ್ತಾಳಂತೆ.