ಅಪ್ಪಿಕೋದಿಂದ ಕಿತ್ತಿಕೋ-ಹಚ್ಚಿಕೋದವರೆಗೆ: ಅರಣ್ಯ ಚಳವಳಿಯ ಸ್ನೇಹ ಮತ್ತು ನುಡಿ

ಕರ್ನಾಟಕದ ಅರಣ್ಯ ಸಂರಕ್ಷಣಾ ಚಳವಳಿಯ ಚರಿತ್ರೆಯನ್ನು ಸಾಮಾನ್ಯವಾಗಿ ಸಮಾಜವಿಜ್ಞಾನದ ನೆಲೆಯಿಂದ ಬರೆಯಲಾಗಿದೆ. ಅದರ ನುಡಿಯೂ ಅಧ್ಯಯನಯೋಗ್ಯವಾದುದು. ಕಾಡಿನ ಅಂಚಿನ ಊರಿನ ಸಂಕಟ ಪತ್ರಿಕೆಯ ಸುದ್ದಿಯಾಗಲು ಎರಡು ಸಂಗತಿಗಳು ಬೇಕಾಗಿದ್ದವು: ಊರುಗಳನ್ನು ಬೆಸೆಯುವ ಸ್ನೇಹ ಮತ್ತು ಒಂದೇ ಉಸಿರಿನಲ್ಲಿ ಹೇಳಬಹುದಾದ ಹೆಸರು.

ಹಿಮಾಲಯದಲ್ಲಿ 1973ರಲ್ಲಿ ಮೊದಲಾದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣ ಅವರು ಪಾದಯಾತ್ರಿಯಾಗಿದ್ದಂತೆ ಪತ್ರಿಕಾ ಬರಹಗಾರರೂ ಆಗಿದ್ದರು. ಅವರೊಡನೆ ಪಾಂಡುರಂಗ ಹೆಗಡೆ ಅವರಿಗಿದ್ದ ಒಡನಾಟ ಆ ವಿಚಾರವನ್ನು ಉತ್ತರ ಕನ್ನಡಕ್ಕೆ ತಂದಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತರು. ‘ಚಿಪ್ಕೋ’ ಎಂದರೆ ಅಂಟಿಕೊಳ್ಳು. ‘ಅಪ್ಪಿಕೋ’ ಎಂಬಲ್ಲಿ ಮಮತೆಯ ಭಾವ ಸೇರಿದೆ. ಹಿಂದಿಯ ರೂಪದಲ್ಲಿ ಕಕಾರವು ಧಾತುವಿನದು. ಕನ್ನಡದ ‘ಕೋ’ ಎಂಬುದು ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದದ ವಿಧಿರೂಪ. ಅದು ಕ್ರಿಯೆಯ ಫಲವನ್ನು ಮಾಡುವವನಿಗೇ ಸಲ್ಲಿಸುತ್ತದೆ. ನಾದಸಾಮ್ಯದ ಮೂಲಕ ಬಂದ ಪದ ಹೊಸ ಅರ್ಥವನ್ನು ಪಡೆದುದು ಹೀಗೆ. ‘ಉಳಿಸು, ಬೆಳೆಸು, ಬಳಸು’ ಎಂಬ ಘೋಷಣೆಯೂ ಇದೇ ಚಳವಳಿಯದು.

ಘಟ್ಟದಿಂದ ಬಯಲುಸೀಮೆಯತ್ತ ಬಂದಾಗ ಸಮಸ್ಯೆಯ ಸ್ವರೂಪ ಬದಲಾಯಿತು. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ 1984ರಲ್ಲಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಡುವ ಯೋಜನೆಯಿತ್ತು. ದನ ಮೇಯುವ, ಸೌದೆ ಆರಿಸುವ ನೆಲ ಜನರ ಕೈತಪ್ಪುವ ಪ್ರಶ್ನೆ ಇದಾಗಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಅವರ ಹೋರಾಟಕ್ಕೆ ಶಿವರಾಮ ಕಾರಂತರು ಜೊತೆಯಾದರು. 1986ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಗೆ, ಎಂಬತ್ತು ದಾಟಿದ್ದ ಅವರೂ ಅರ್ಜಿದಾರರಾದರು. ಯೌವನದಲ್ಲಿ ‘ವಸಂತ’ ಪತ್ರಿಕೆಯನ್ನು ನಡೆಸಿದ್ದ ಲೇಖಕರಿಗೆ ಸಾರ್ವಜನಿಕ ವಾಗ್ವಾದ ಹೊಸತಲ್ಲ.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣು-ಮೇವಿನ ಸಸಿಗಳನ್ನು ನೆಡಲಾಯಿತು. ಈ ಸತ್ಯಾಗ್ರಹದ ಹೆಸರು ‘ಕಿತ್ತಿಕೋ-ಹಚ್ಚಿಕೋ’. ಧಾರವಾಡದಿಂದ ಹುನಗುಂದದವರೆಗಿನ ಆಡುನುಡಿಯಲ್ಲಿ ಸಸಿಯನ್ನು ‘ಹಚ್ಚು’ತ್ತಾರೆ, ದೀಪವನ್ನೂ ‘ಹಚ್ಚು’ತ್ತಾರೆ. ಗ್ರಾಂಥಿಕ ‘ನೆಡು’ ಪದವನ್ನು ಬಿಟ್ಟು ರೈತರ ಮಾತನ್ನು ಆಯ್ದುದರಿಂದ, ಪ್ರತಿಭಟನೆ ಹೊರಗಿನವರ ಕರೆಯಾಗದೆ ಊರವರ ಮಾತಾಯಿತು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ಕೋರ್ಟು, ಪತ್ರಿಕೆ, ಹೊಲ ಈ ಮೂರೂ ಕಡೆ ಒಂದೇ ಅರ್ಥದಲ್ಲಿ ಚಲಿಸಿದ ಇಂತಹ ಪದಗಳು ಕನ್ನಡದ ಜೀವಂತ ಪಠ್ಯಗಳು. ಅಂದಿನ ವರದಿಗಳು, ಕರಪತ್ರಗಳು, ವಾಚಕರ ಪತ್ರಗಳು ಬೇಗ ನಶಿಸುವಂಥವು. ಅವುಗಳನ್ನು ಸಂಗ್ರಹಿಸಿ ಅಭ್ಯಸಿಸುವುದು ಕನ್ನಡ ವಿಭಾಗಗಳ ಹೊಣೆಯೂ ಹೌದು.