ಡೀಸೆಲ್ ಗಾಡಿ ತಗೊಳ್ಳೋ ಮುಂಚೆ ಒಂದು ಲೆಕ್ಕ

ದಸರಾ, ದೀಪಾವಳಿ ಹತ್ತಿರ ಬಂತು ಅಂದ್ರೆ ನಮ್ಮ ಕಚೇರಿಗೆ ಬರೋ ಫೋನುಗಳ ವರಸೆಯೇ ಬದಲಾಗುತ್ತೆ. ರಾಜಕೀಯದ ಪ್ರಶ್ನೆ ಕಡಿಮೆ, ಗಾಡಿ ಪ್ರಶ್ನೆ ಜಾಸ್ತಿ. "ಸರ್, ನೀವು ಇಂಜಿನಿಯರಿಂಗ್ ಓದಿದವರು, ನೀವೇ ಹೇಳಿ. ಮನೆಮಂದಿಗೆಲ್ಲ ಆಗೋ ಅಂಥ ಗಾಡಿ ಬೇಕು. ಡೀಸೆಲ್ ತಗೊಳ್ಳೋದಾ, ಬೇಡ್ವಾ?"

ಪ್ರಶ್ನೆ ಚಿಕ್ಕದು. ಅದರ ಹಿಂದೆ ಇರೋ ದುಡ್ಡು ಚಿಕ್ಕದಲ್ಲ. ಮನೆ, ಮದುವೆ ಬಿಟ್ಟರೆ ಒಂದು ಮಧ್ಯಮ ವರ್ಗದ ಕುಟುಂಬ ಮಾಡೋ ದೊಡ್ಡ ಖರ್ಚು ಇದೇ. ಹದಿನೈದು, ಇಪ್ಪತ್ತು ಲಕ್ಷದ ಗಾಡಿ. ಐದು ವರ್ಷ, ಏಳು ವರ್ಷ ಕಂತು. ಇಂಥ ನಿರ್ಧಾರವನ್ನ ಶೋರೂಮಿನಲ್ಲಿ ಕಾಫಿ ಕುಡಿಯುತ್ತಾ ಹದಿನೈದು ನಿಮಿಷದಲ್ಲಿ ಮಾಡಿಬಿಡ್ತೀವಿ. ಹಾಗಾಗಿ ಇವತ್ತು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಹಳೆಯ ಕತೆ. "ಡೀಸೆಲ್ ಅಂದ್ರೆ ಉಳಿತಾಯ" ಅನ್ನೋ ಮಾತು ನಮ್ಮ ತಲೆಯಲ್ಲಿ ಕೂತಿದ್ದು ಹೇಗೆ? 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಡೀಸೆಲ್ ಮೇಲಿನ ಹಿಡಿತ ಬಿಡಲಿಲ್ಲ. ರೈತರ ಪಂಪ್‌ಸೆಟ್, ಲಾರಿ, ಬಸ್ಸು ಎಲ್ಲ ಡೀಸೆಲ್ ಮೇಲೆ ಓಡ್ತಿದ್ದವಲ್ಲ. ಪರಿಣಾಮ ಏನಾಯ್ತು? 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿತ್ತು, ಡೀಸೆಲ್ 41 ರೂಪಾಯಿ ಆಸುಪಾಸಿನಲ್ಲಿತ್ತು. ಲೀಟರಿಗೆ 32 ರೂಪಾಯಿ ವ್ಯತ್ಯಾಸ! ಆ ಕಾಲದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ಸ್ವಿಫ್ಟ್‌ನಿಂದ ಹಿಡಿದು ಇಂಡಿಕಾ ವಿಸ್ಟಾವರೆಗೆ ಒಂದೇ ಫಿಯೆಟ್ 1.3 ಲೀಟರ್ ಇಂಜಿನ್ ಕೂರಿಸಿ ಮಾರುತ್ತಿದ್ದರು. ಜನ ತಿಂಗಳುಗಟ್ಟಲೆ ಕಾದು ತಗೊಂಡರು. ಆಗ ಅದು ಸರಿಯಾದ ಲೆಕ್ಕವೇ ಆಗಿತ್ತು.

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯೂ ಮುಕ್ತವಾಯ್ತು. ಅಲ್ಲಿಂದ ಅಂತರ ಕರಗುತ್ತಾ ಬಂತು. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನ ಶೇಕಡಾ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಲ್ಲಿ ಡೀಸೆಲ್ ಸುಮಾರು 91 ರೂಪಾಯಿ, ಪೆಟ್ರೋಲ್ ಸುಮಾರು 103 ರೂಪಾಯಿ ಆಗಿತ್ತು. 32 ರೂಪಾಯಿ ಇದ್ದ ಅಂತರ 12ಕ್ಕೆ ಇಳಿದಿತ್ತು. ನಮ್ಮ ತಲೆಯಲ್ಲಿ ಮಾತ್ರ ಇನ್ನೂ 2012ರ ಲೆಕ್ಕವೇ ಓಡ್ತಾ ಇದೆ.

ಎರಡನೇ ಬದಲಾವಣೆ ಇಂಜಿನ್ ಒಳಗಡೆ ಆಗಿದ್ದು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್6 ನಿಯಮ ಬಂತು. ಬಿಎಸ್4ರಿಂದ ನೇರ ಆರಕ್ಕೆ ಜಿಗಿತ, ಮಧ್ಯದ ಐದು ಇಲ್ಲವೇ ಇಲ್ಲ. 2023ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂತು: ಲ್ಯಾಬಿನಲ್ಲಿ ಮಾತ್ರ ಅಲ್ಲ, ರಸ್ತೆ ಮೇಲೆ ಓಡುವಾಗಲೂ ಹೊಗೆ ಮಿತಿಯಲ್ಲಿರಬೇಕು. ಚಿಕ್ಕ ಕಾರಿಗೆ ಇಷ್ಟೆಲ್ಲ ಉಪಕರಣ ಜೋಡಿಸಿದರೆ ಬೆಲೆ ಕೈಗೆಟುಕಲ್ಲ. ಮಾರುತಿ 2020ರಲ್ಲೇ ಡೀಸೆಲ್ ಕೈಬಿಟ್ಟಿತು. 2023ರ ಹೊತ್ತಿಗೆ ಹೋಂಡಾ ಕೂಡ ಬಿಟ್ಟಿತು. ಈಗ ಡೀಸೆಲ್ ಉಳಿದಿರೋದು ಹೆಚ್ಚಾಗಿ ಎಸ್‌ಯುವಿಗಳಲ್ಲಿ, ಏಳು ಸೀಟಿನ ಗಾಡಿಗಳಲ್ಲಿ: ಕ್ರೆಟಾ, ಕ್ಯಾರೆನ್ಸ್, ಸ್ಕಾರ್ಪಿಯೋ, ಹ್ಯಾರಿಯರ್, ಸಫಾರಿ, ಇನ್ನೋವಾ ಕ್ರಿಸ್ಟಾ. ಅಂದ್ರೆ ನೀವು ಹುಡುಕ್ತಾ ಇರೋ ಕುಟುಂಬದ ಗಾಡಿಗಳೇ.

ಈ ಬಿಎಸ್6 ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ. ನಮ್ಮಮ್ಮ ಕಾಫಿ ಸೋಸೋ ಫಿಲ್ಟರ್ ನೆನಪು ಮಾಡ್ಕೊಳ್ಳಿ. ಹೊಗೆಯಲ್ಲಿರೋ ಕರಿ ಮಸಿಯನ್ನ ಅದು ಹಿಡಿದಿಟ್ಟುಕೊಳ್ಳುತ್ತೆ. ಹಿಡಿದಿಟ್ಟ ಮಸಿ ಎಲ್ಲಿಗೆ ಹೋಗಬೇಕು? ಆಗಾಗ ಅದನ್ನ ಅಲ್ಲೇ ಸುಟ್ಟು ಹಾಕಬೇಕು. ಸುಡೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ಬರಬೇಕಾದರೆ ಗಾಡಿ ಒಂದು ಹದಿನೈದು ಇಪ್ಪತ್ತು ನಿಮಿಷ ನಿಲ್ಲದೆ, ಒಳ್ಳೆ ವೇಗದಲ್ಲಿ ಓಡಬೇಕು. ತುಮಕೂರು ರಸ್ತೆಯಲ್ಲಿ ಊರು ದಾಟಿ ಹೋದರೆ ತಾನಾಗೇ ಆಗುತ್ತೆ, ನಿಮಗೆ ಗೊತ್ತೂ ಆಗಲ್ಲ. ಆದರೆ ಮನೆಯಿಂದ ಶಾಲೆ, ಶಾಲೆಯಿಂದ ತರಕಾರಿ ಅಂಗಡಿ, ನಡುವೆ ನಾಲ್ಕು ಸಿಗ್ನಲ್. ಹೀಗೆ ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿದರೆ? ಇಂಜಿನ್ ಬಿಸಿಯಾಗೋ ಹೊತ್ತಿಗೆ ಕೀ ತಿರುಗಿಸಿ ಆಫ್ ಮಾಡಿರ್ತೀರಿ. ಮಸಿ ಕೂತಲ್ಲೇ ಕೂತಿರುತ್ತೆ. ಜೊತೆಗೆ, ಸುಡೋದಕ್ಕೆ ಅಂತ ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಇಂಜಿನ್ ಆಯಿಲ್ ಜೊತೆ ಬೆರೆತು ಆಯಿಲ್ ತೆಳ್ಳಗಾಗೋದೂ ಉಂಟು.

ಇದು ಬರೀ ಪುಸ್ತಕದ ಮಾತಲ್ಲ. ಮೈಸೂರಲ್ಲಿರೋ ನಮ್ಮ ಚಿಕ್ಕಪ್ಪ ನಿವೃತ್ತರಾದ ಮೇಲೆ ಒಂದು ಡೀಸೆಲ್ ಗಾಡಿ ತಗೊಂಡರು. ಶೋರೂಮಿನ ಹುಡುಗ ಮೈಲೇಜ್ ಬಗ್ಗೆ ಮಾತ್ರ ಹೇಳಿದ್ದ. ದಿನಕ್ಕೆ ಎಷ್ಟು ಓಡಿಸ್ತೀರಿ ಅಂತ ಒಂದು ಮಾತು ಕೇಳಿರಲಿಲ್ಲ. ಚಿಕ್ಕಪ್ಪನ ಓಡಾಟ ಅಂದ್ರೆ ದೇವಸ್ಥಾನ, ಬ್ಯಾಂಕು, ಮಾರ್ಕೆಟ್ಟು. ಒಂದು ವರ್ಷ ಆಗೋ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಅದನ್ನ ನಿರ್ಲಕ್ಷಿಸಿ ಓಡಿಸಿದ ಮೇಲೆ ಗಾಡಿ ಎಳೆಯೋದೇ ಬಿಟ್ಟಿತು. ಸರ್ವೀಸ್ ಸೆಂಟರಿನಲ್ಲಿ ಯಂತ್ರ ಹಚ್ಚಿ ಫಿಲ್ಟರ್ ಸುಟ್ಟು ಕೊಟ್ಟರು, ಬಿಲ್ಲೂ ಕೊಟ್ಟರು. "ಇದು ಬಳಕೆಯ ದೋಷ, ವಾರಂಟಿಗೆ ಬರಲ್ಲ" ಅಂದರು. ಈಗ ಚಿಕ್ಕಪ್ಪ ವಾರಕ್ಕೊಮ್ಮೆ ಕೆಲಸ ಇರಲಿ ಬಿಡಲಿ, ಬೆಂಗಳೂರು ಹೆದ್ದಾರಿಯಲ್ಲಿ ಮಂಡ್ಯದವರೆಗೆ ಹೋಗಿ ಬರ್ತಾರೆ. ಚಿಕ್ಕಮ್ಮನ ಮಾತು ಕೇಳಿ: "ಗಾಡಿ ನಮಗೋಸ್ಕರ ಓಡ್ಬೇಕಿತ್ತು ಕಣೋ. ಈಗ ನಾವು ಗಾಡಿಗೋಸ್ಕರ ಓಡ್ತಾ ಇದ್ದೀವಿ." ಉಳಿತಾಯಕ್ಕೆ ಅಂತ ತಗೊಂಡ ಗಾಡಿ, ಮಸಿ ಸುಡೋದಕ್ಕೇ ಡೀಸೆಲ್ ಕುಡಿಯುತ್ತಿದೆ.

ಈಗ ದುಡ್ಡಿನ ಲೆಕ್ಕ. ಪೆನ್ನು ಪೇಪರ್ ತಗೊಳ್ಳಿ. ಒಂದೇ ಗಾಡಿ, ಒಂದೇ ಮಾದರಿ, ಪೆಟ್ರೋಲಿಗಿಂತ ಡೀಸೆಲ್ ಒಂದೂವರೆ ಲಕ್ಷ ಜಾಸ್ತಿ ಅಂತ ಇಟ್ಕೊಳ್ಳಿ. ಕರ್ನಾಟಕದಲ್ಲಿ ಗಾಡಿ ಬೆಲೆ 10ರಿಂದ 20 ಲಕ್ಷದ ಒಳಗಿದ್ದರೆ ಜೀವಿತಾವಧಿ ತೆರಿಗೆ ಶೇಕಡಾ 17, ಅದರ ಮೇಲೆ ಸೆಸ್. ಅಂದ್ರೆ ಆ ಒಂದೂವರೆ ಲಕ್ಷಕ್ಕೂ ತೆರಿಗೆ ಕಟ್ಟಬೇಕು, ಸುಮಾರು 28 ಸಾವಿರ. ವಿಮೆ ಸ್ವಲ್ಪ ಸೇರಿಸಿದರೆ ಒಟ್ಟು ವ್ಯತ್ಯಾಸ 1 ಲಕ್ಷ 80 ಸಾವಿರ.

ಇನ್ನು ಓಡಿಸೋ ಖರ್ಚು. ಕಂಪನಿ ಹೇಳೋ ಮೈಲೇಜ್ ಬಿಡಿ, ಅದು ಪರೀಕ್ಷೆಯ ಅಂಕ. ನಿಜವಾದ ಓಡಾಟದಲ್ಲಿ ಪೆಟ್ರೋಲ್ ಲೀಟರಿಗೆ 12, ಡೀಸೆಲ್ 16 ಕೊಡ್ತು ಅಂತ ಇಟ್ಕೊಳ್ಳಿ. ಪೆಟ್ರೋಲ್ ಗಾಡಿಗೆ ಕಿಲೋಮೀಟರಿಗೆ 8 ರೂಪಾಯಿ 58 ಪೈಸೆ. ಡೀಸೆಲ್ ಗಾಡಿಗೆ 5 ರೂಪಾಯಿ 69 ಪೈಸೆ. ಉಳಿತಾಯ ಕಿಲೋಮೀಟರಿಗೆ ಸುಮಾರು 2 ರೂಪಾಯಿ 90 ಪೈಸೆ. ಮೊದಲೇ ಕೊಟ್ಟ 1 ಲಕ್ಷ 80 ಸಾವಿರ ವಾಪಸ್ ಬರಬೇಕಾದರೆ 62 ಸಾವಿರ ಕಿಲೋಮೀಟರ್ ಓಡಿಸಬೇಕು. ಆ ದುಡ್ಡನ್ನೂ ಶೇಕಡಾ 9ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದ್ದರೆ ಬಡ್ಡಿಯೇ 44 ಸಾವಿರ. ಆಗ 77 ಸಾವಿರ ಕಿಲೋಮೀಟರ್ ಬೇಕು.

ವರ್ಷಕ್ಕೆ 8 ಸಾವಿರ ಕಿಲೋಮೀಟರ್ ಓಡಿಸೋರಿಗೆ ಸಾಲ ಇಲ್ಲದಿದ್ದರೂ ಹತ್ತಿರ ಹತ್ತಿರ ಎಂಟು ವರ್ಷ. ಅಷ್ಟೊತ್ತಿಗೆ ಗಾಡಿ ಮಾರೋ ಯೋಚನೆ ಶುರುವಾಗಿರುತ್ತೆ. ವರ್ಷಕ್ಕೆ 20 ಸಾವಿರ ಓಡಿಸೋರಿಗೆ ಮೂರು ವರ್ಷ ಚಿಲ್ಲರೆ. ಆಮೇಲೆ ಬರೋದೆಲ್ಲ ಲಾಭ. ಗಾಡಿ ಒಂದೇ, ಇಂಜಿನ್ ಒಂದೇ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ.

ತೆರಿಗೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. 5 ಲಕ್ಷ ದಾಟಿದ, 10 ಲಕ್ಷದ ಒಳಗಿನ ಗಾಡಿಗೆ ತೆರಿಗೆ ಶೇಕಡಾ 14. ಪೆಟ್ರೋಲ್ ಗಾಡಿ ಒಂಬತ್ತೂವರೆ ಲಕ್ಷ, ಅದರದ್ದೇ ಡೀಸೆಲ್ ಹತ್ತೂವರೆ ಲಕ್ಷ ಅಂದ್ಕೊಳ್ಳಿ. ಡೀಸೆಲ್ ಮೇಲೆ ಪೂರ್ತಿ ಬೆಲೆಗೆ ಶೇಕಡಾ 17 ಬೀಳುತ್ತೆ. ಬೆಲೆಯಲ್ಲಿ ವ್ಯತ್ಯಾಸ ಒಂದು ಲಕ್ಷ, ತೆರಿಗೆಯಲ್ಲಿ ಬೇರೆ 45 ಸಾವಿರ! 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಬದಲಾಗಿದೆ. ನಾಲ್ಕು ಮೀಟರ್ ಮೀರದ, 1500 ಸಿಸಿ ಮೀರದ ಡೀಸೆಲ್ ಗಾಡಿಗೆ ಶೇಕಡಾ 18. ಅದಕ್ಕಿಂತ ಉದ್ದ ಅಥವಾ ದೊಡ್ಡ ಇಂಜಿನ್ ಆದರೆ ಶೇಕಡಾ 40. ಐದು ಜನರ ಮನೆಗೆ ನಾಲ್ಕು ಮೀಟರ್ ಗಾಡಿ ಸಾಕಾಗುತ್ತಾ ಅಂತ ಒಮ್ಮೆ ಮನೆಯವರನ್ನೆಲ್ಲ ಕೂರಿಸಿ ನೋಡಿ.

ಹಾಗಾದರೆ ಡೀಸೆಲ್ ಬೇಡವೇ ಬೇಡ್ವಾ? ಹಾಗೆ ಹೇಳಿದರೆ ಅನ್ಯಾಯ ಆಗುತ್ತೆ. ಏಳು ಜನ, ಮೇಲೆ ಲಗೇಜು, ಶಿರಾಡಿ ಘಾಟಿ, ಮಳೆಗಾಲ. ಅಲ್ಲಿ ಬೇಕಾಗೋದು ಟಾರ್ಕ್, ಅಂದ್ರೆ ಚಕ್ರವನ್ನ ತಿರುಗಿಸೋ ಬಲ. ಕ್ರೆಟಾ ಗಾಡಿಯನ್ನೇ ತಗೊಳ್ಳಿ. 1.5 ಲೀಟರ್ ಸಾಮಾನ್ಯ ಪೆಟ್ರೋಲ್ ಇಂಜಿನ್ 115 ಅಶ್ವಶಕ್ತಿ, ಡೀಸೆಲ್ 116. ಹೆಚ್ಚು ಕಡಿಮೆ ಒಂದೇ. ಆದರೆ ಟಾರ್ಕ್ ಪೆಟ್ರೋಲಿನಲ್ಲಿ 144 ನ್ಯೂಟನ್ ಮೀಟರ್, ಡೀಸೆಲ್‌ನಲ್ಲಿ 250. ಅದೂ ಇಂಜಿನ್ ನಿಧಾನವಾಗಿ ತಿರುಗುವಾಗಲೇ ಸಿಗುತ್ತೆ. ಹಾಗಾಗಿ ಘಾಟಿಯಲ್ಲಿ ಗೇರ್ ಬದಲಾಯಿಸಿ ಬದಲಾಯಿಸಿ ಕೈ ನೋಯಲ್ಲ. ಟರ್ಬೋ ಪೆಟ್ರೋಲ್ ಇಂಜಿನ್ನೂ ಈಗ ಇಷ್ಟೇ ಟಾರ್ಕ್ ಕೊಡುತ್ತೆ. ಆದರೆ ಭಾರ ಹೊತ್ತು ಓಡಿಸಿದಾಗ ಅದು ಪೆಟ್ರೋಲ್ ಕುಡಿಯೋ ರೀತಿ ನೋಡಿದರೆ ಬಂಕಿಗೆ ಹೋಗೋಕೆ ಭಯ ಆಗುತ್ತೆ.

ಇ20 ಪೆಟ್ರೋಲ್‌ಗೆ ಹೆದರಿ ಡೀಸೆಲ್ ಕಡೆ ಓಡೋರೂ ಇದ್ದಾರೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಮೈಲೇಜ್ ಸ್ವಲ್ಪ ಇಳಿಯೋದು ನಿಜ, ಯಾಕಂದ್ರೆ ಎಥನಾಲ್‌ನಲ್ಲಿ ಶಕ್ತಿಯ ಅಂಶ ಕಡಿಮೆ. ಆದರೆ 2023ರ ಏಪ್ರಿಲ್ ನಂತರದ ಗಾಡಿಗಳು ಇ20ಕ್ಕೆ ಅಂತಲೇ ತಯಾರಾಗಿವೆ. ಹೊಸ ಗಾಡಿ ತಗೊಳ್ಳೋರಿಗೆ ಇದೊಂದೇ ಕಾರಣ ಸಾಲದು.

ವಾಟ್ಸಾಪಿನಲ್ಲಿ ಓಡಾಡೋ ಇನ್ನೊಂದು ಮಾತು: "ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಗುಜರಿಗೆ." ಇದು ದೆಹಲಿಯ ಕತೆ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಬಾರದು ಅಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಅಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನವೇ ಕೊಡಬೇಡಿ ಅಂತ ಶುರುವಾಗಿ, ಜನರ ಸಿಟ್ಟಿಗೆ ಕೆಲವೇ ದಿನದಲ್ಲಿ ನಿಂತಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂದಿತು. ಕರ್ನಾಟಕದಲ್ಲಿ ಈ ಹತ್ತು ವರ್ಷದ ನಿಯಮ ಇಲ್ಲ. ಇಲ್ಲಿ ಹದಿನೈದು ವರ್ಷಕ್ಕೆ ಗಾಡಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಆದರೆ ಗುರುಗ್ರಾಮಕ್ಕೋ ನೋಯ್ಡಾಕ್ಕೋ ವರ್ಗವಾಗೋ ಕೆಲಸದಲ್ಲಿರೋರು ಇದನ್ನ ತಲೆಯಲ್ಲಿ ಇಟ್ಕೊಳ್ಳಿ. ಆ ಊರುಗಳೂ ರಾಜಧಾನಿ ಪ್ರದೇಶಕ್ಕೇ ಸೇರುತ್ತವೆ.

ದೆಹಲಿ ಯಾಕೆ ಅಷ್ಟು ಕಠಿಣವಾಯ್ತು ಅನ್ನೋದನ್ನೂ ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಘೋಷಿಸಿತು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ, ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಕಡಿಮೆ ಮಾಡೋ ಸಾಫ್ಟ್‌ವೇರ್ ಹಾಕಿದ್ದು ಬಯಲಾಯ್ತು. ಜಗತ್ತಿನಾದ್ಯಂತ ಅಂಥ ಗಾಡಿಗಳು ಒಂದು ಕೋಟಿ ಹತ್ತು ಲಕ್ಷ. ಇವತ್ತು ಡಿಪಿಎಫ್ ಇರೋದು ಇದಕ್ಕೇ. ಕೆಲವು ಗ್ಯಾರೇಜುಗಳಲ್ಲಿ "ಸರ್, ಡಿಪಿಎಫ್ ತೆಗೆದುಬಿಡೋಣ, ಮೈಲೇಜ್ ಬರುತ್ತೆ" ಅಂತಾರೆ. ದಯವಿಟ್ಟು ತೆಗೆಸಬೇಡಿ. ವಾರಂಟಿ ಹೋಗುತ್ತೆ, ಕಾನೂನಿಗೆ ವಿರುದ್ಧ. ಅದೆಲ್ಲಕ್ಕಿಂತ ಹೆಚ್ಚಾಗಿ, ಆ ಮಸಿ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಮಗುವನ್ನ ಕೂರಿಸಿಕೊಂಡು ಬರ್ತಿರೋ ತಾಯಿಯ ಮುಖಕ್ಕೆ ಹೋಗುತ್ತೆ.

ಇಷ್ಟಾದ ಮೇಲೂ ಡೀಸೆಲ್ ಅಂತ ತೀರ್ಮಾನಿಸಿದ್ದರೆ, ಶೋರೂಮಿನಲ್ಲಿ ನಾಲ್ಕು ವಿಷಯ ಕೇಳಿ. ಡಿಪಿಎಫ್‌ಗೆ ವಾರಂಟಿ ಎಷ್ಟು, ಮಸಿ ಕಟ್ಟಿದರೆ ಖರ್ಚು ಯಾರದ್ದು, ಬರವಣಿಗೆಯಲ್ಲಿ ಕೊಡಿ ಅನ್ನಿ. ಆ್ಯಡ್‌ಬ್ಲೂ ಹಾಕಬೇಕಾ ಕೇಳಿ. ಅದು ಶೇಕಡಾ 32.5 ಯೂರಿಯಾ ಇರೋ ಶುದ್ಧ ದ್ರಾವಣ, ಖಾಲಿಯಾದರೆ ಹಲವು ಗಾಡಿಗಳು ಮತ್ತೆ ಸ್ಟಾರ್ಟ್ ಆಗಲ್ಲ. ಗೊಬ್ಬರದ ಅಂಗಡಿ ಯೂರಿಯಾ ನೀರಲ್ಲಿ ಕಲಸಿ ಹಾಕೋ ಬುದ್ಧಿವಂತಿಕೆ ಮಾತ್ರ ಬೇಡ, ಸಾವಿರಾರು ರೂಪಾಯಿಯ ಉಪಕರಣ ಹಾಳಾಗುತ್ತೆ. ಮೂರನೆಯದು, ಯಾವ ದರ್ಜೆಯ ಇಂಜಿನ್ ಆಯಿಲ್ ಹಾಕಬೇಕು. ಡಿಪಿಎಫ್ ಇರೋ ಗಾಡಿಗೆ ಬೂದಿ ಕಡಿಮೆ ಬಿಡೋ ಬೇರೆ ಆಯಿಲ್ ಬೇಕು. ನಾಲ್ಕನೆಯದು, ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಅಪ್ಪ ಅಮ್ಮ, ಮಕ್ಕಳನ್ನ ಕೂರಿಸಿಕೊಂಡು, ಎಸಿ ಹಾಕಿ, ಒಂದು ಏರು ಹತ್ತಿಸಿ. ಮೊಣಕಾಲು ನೋವಿರೋ ಅಮ್ಮನಿಗೆ ಆ ಎತ್ತರದ ಗಾಡಿ ಹತ್ತಿ ಇಳಿಯೋಕೆ ಆಗುತ್ತಾ ನೋಡಿ. ಇಂಜಿನ್ ಎಷ್ಟೇ ಚೆನ್ನಾಗಿರಲಿ, ಮನೆಯ ಹಿರಿಯರು ಹತ್ತಲಾಗದ ಗಾಡಿ ಮನೆಮಂದಿಯ ಗಾಡಿ ಹೇಗಾಗುತ್ತೆ?

ನನ್ನ ಅಭಿಪ್ರಾಯ ಇಷ್ಟು. ವರ್ಷಕ್ಕೆ 15 ಸಾವಿರ ಕಿಲೋಮೀಟರ್ ದಾಟೋರು, ಅದರಲ್ಲೂ ಹೆದ್ದಾರಿ ಓಟ ಹೆಚ್ಚಿರೋರು, ಊರಿಗೂ ನಗರಕ್ಕೂ ವಾರ ವಾರ ಓಡಾಡೋರು, ಏಳು ಸೀಟು ತುಂಬೋ ಮನೆಯವರು ಡೀಸೆಲ್ ತಗೊಳ್ಳಿ, ಧೈರ್ಯವಾಗಿ ತಗೊಳ್ಳಿ. ನಗರದೊಳಗೇ ಸುತ್ತೋರು ಪೆಟ್ರೋಲ್, ಹೈಬ್ರಿಡ್ ಕಡೆ ನೋಡಿ. ಮನೆಯಲ್ಲೇ ಚಾರ್ಜಿಂಗ್ ವ್ಯವಸ್ಥೆ ಇದ್ದರೆ ಎಲೆಕ್ಟ್ರಿಕ್ ಕೂಡ ನೋಡಬಹುದು. ನಿಮ್ಮ ಓಡಾಟ ಎಷ್ಟು ಅಂತ ಸರಿಯಾಗಿ ಗೊತ್ತಿಲ್ವಾ? ಈಗಿರೋ ಗಾಡಿಯ ಮೀಟರ್ ಓದಿ, ಅದರ ವಯಸ್ಸಿನಿಂದ ಭಾಗಿಸಿ. ಬಂದ ಸಂಖ್ಯೆಯನ್ನ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಕೊಂಡೇ ಶೋರೂಮಿಗೆ ಹೋಗಿ. ಸೇಲ್ಸ್ ಹುಡುಗ ಮೈಲೇಜ್ ಮಾತು ಶುರು ಮಾಡಿದ ತಕ್ಷಣ ಆ ಚೀಟಿ ತೆಗೆದು ಅವನ ಮುಂದಿಡಿ.